ಗೋಲಗುಮ್ಮಟದ ಕರಿಕಲ್ಲಿಗೂ ರಿಯೂನಿಯನ್ ಲಾವಾಕ್ಕೂ ಮೂಲ ಒಂದೇ: ಮಾಸ್ಕರೀನ್ ದ್ವೀಪಗಳ ನೆಲ ಮತ್ತು ಜನ

ವಿಜಯಪುರದ ಗೋಲಗುಮ್ಮಟ ಕಟ್ಟಿರುವುದು ಬಸಾಲ್ಟ್ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ತಣಿದು ಈ ಕಲ್ಲಾಯಿತು. ಬೆಳಗಾವಿ, ಬಾಗಲಕೋಟೆ, ಕಲಬುರಗಿ, ಬೀದರ್ ಕಡೆಯ ಎರೆಭೂಮಿಯ ಅಡಿಯಲ್ಲಿ ಇರುವುದೂ ಇದೇ. ಆ ಲಾವಾ ಉಕ್ಕಿದ ಬಾಯಿ ಇವತ್ತು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನ ಭೂವಿಜ್ಞಾನಿಗಳು ನೈಋತ್ಯಕ್ಕೆ ಸುಮಾರು 4,700 ಕಿ.ಮೀ. ದೂರದ ರಿಯೂನಿಯನ್ ದ್ವೀಪವನ್ನು ತೋರಿಸುತ್ತಾರೆ. ಅಲ್ಲಿನ ಪಿತೋಂ ದ ಲಾ ಫೂರ್ನೇಸ್ ಜ್ವಾಲಾಮುಖಿ ಈಗಲೂ ಸರಾಸರಿ ಒಂಬತ್ತು ತಿಂಗಳಿಗೊಮ್ಮೆ ಉಕ್ಕುತ್ತದೆ.

ರಿಯೂನಿಯನ್, ಮಾರಿಷಸ್, ರೋಡ್ರಿಗ್ಸ್ ಮೂರೂ ಸೇರಿ ಮಾಸ್ಕರೀನ್ ದ್ವೀಪಗಳು. ನಕಾಶೆಯಲ್ಲಿ ಇವು ಮಡಗಾಸ್ಕರ್‌ನ ಪೂರ್ವಕ್ಕೆ ಚೆಲ್ಲಿದ ಮೂರು ಚುಕ್ಕೆಗಳು. ಆದರೆ ಒಂದರಲ್ಲಿ ರಸ್ತೆಯನ್ನೇ ಲಾವಾ ನುಂಗುತ್ತದೆ, ಇನ್ನೊಂದರಲ್ಲಿ ಸಮತಟ್ಟಾದ ಕಬ್ಬಿನ ಗದ್ದೆ ಕಣ್ಣು ಹಾಯುವವರೆಗೂ ಹಬ್ಬಿದೆ, ಮತ್ತೊಂದರಲ್ಲಿ ನೆಲಕ್ಕಿಂತ ಹವಳದ ದಿಬ್ಬದೊಳಗೆ ನಿಂತ ಹಿನ್ನೀರಿನ ವಿಸ್ತಾರವೇ ಹೆಚ್ಚು. ಈ ವ್ಯತ್ಯಾಸಗಳಲ್ಲಿ ಬಹುಪಾಲನ್ನು ಕಲ್ಲಿನ ವಯಸ್ಸೊಂದರಿಂದಲೇ ವಿವರಿಸಬಹುದು.

ಸೂಜಿ ನಿಂತಲ್ಲೇ, ಬಟ್ಟೆ ಮಾತ್ರ ಸರಿಯುತ್ತದೆ

ಭೂಮಿಯ ಆಳದಿಂದ ಬಿಸಿ ಶಿಲೆ ಒಂದೇ ಜಾಗದಲ್ಲಿ ನಿರಂತರ ಮೇಲೇರುವ ನೆಲೆಗೆ ಹಾಟ್‌ಸ್ಪಾಟ್ ಎನ್ನುತ್ತಾರೆ. ಹೊಲಿಗೆ ಯಂತ್ರದಲ್ಲಿ ಸೂಜಿ ಇದ್ದಲ್ಲೇ ಇರುತ್ತದೆ, ಬಟ್ಟೆ ಸರಿದಂತೆ ಹೊಲಿಗೆಯ ಸಾಲು ಬೀಳುತ್ತದೆ. ಹಾಟ್‌ಸ್ಪಾಟ್ ಮೇಲೆ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಭಾರಿ ತುಂಡು, ಸರಿಯುವುದೂ ಹಾಗೆಯೇ. ಜ್ವಾಲಾಮುಖಿಗಳ ಸಾಲೊಂದು ಮೂಡುತ್ತದೆ, ಸೂಜಿಯಿಂದ ದೂರವಾದಷ್ಟೂ ಹೊಲಿಗೆ ಹಳೆಯದು.

ಗೋಲಗುಮ್ಮಟದ ಕಲ್ಲಾದ ಆ ದಖ್ಖನ್ ಲಾವಾ ಹರಿದಾಗ ಭಾರತ ಈ ಹಾಟ್‌ಸ್ಪಾಟ್‌ನ ನೆತ್ತಿಯ ಮೇಲಿತ್ತು. ಆಮೇಲೆ ಭಾರತ ಫಲಕ ಉತ್ತರಕ್ಕೆ ಧಾವಿಸಿತು. ಆಗಿನ ವೇಗ ವರ್ಷಕ್ಕೆ 15 ಸೆಂ.ಮೀ. ಮೀರಿತ್ತು, ಈಗ 5 ಸೆಂ.ಮೀ. ಆಸುಪಾಸು. ಓಡುವ ಫಲಕದ ಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಅಡಿಪಾಯ ಒಂದರ ಹಿಂದೊಂದು ಬಿತ್ತು. 1987ರಲ್ಲಿ ಕಡಲತಳ ಕೊರೆದು ತೆಗೆದ ಬಸಾಲ್ಟ್ ಮಾದರಿಗಳ ವಯಸ್ಸು ಈ ಲೆಕ್ಕಕ್ಕೆ ಕೂಡಿಬಂತು: ಮಾಲ್ಡೀವ್ಸ್ ಬಳಿಯದು ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿಯದು 4.9 ಕೋಟಿ.

ಇಲ್ಲಿಂದ ಮುಂದೆ ಸಾಲು ತುಂಡಾಗುತ್ತದೆ, ನಕಾಶೆ ನೋಡುವವರು ಗೊಂದಲಕ್ಕೆ ಬೀಳುವುದೂ ಇಲ್ಲೇ. ಹಿಂದೂ ಮಹಾಸಾಗರದ ನಡುವೆ ಫಲಕಗಳು ಬೇರ್ಪಡುವ ಏಣು, ಅಂದರೆ ಕಡಲತಳದ ಬೆಟ್ಟಸಾಲು, ಒಂದಿದೆ. ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಮೂರೂವರೆ ಕೋಟಿ ವರ್ಷಗಳ ಹಿಂದಿನ ಸುಮಾರಿಗೆ ಅದು ಹಾಟ್‌ಸ್ಪಾಟನ್ನು ದಾಟಿ ಈಚೆ ಬಂತು. ಅಲ್ಲಿಂದಾಚೆ ಹೊಲಿಗೆ ಬೀಳುತ್ತಿರುವುದು ಆಫ್ರಿಕಾ ಕಡೆಯ ಫಲಕದ ಮೇಲೆ. ಕಡಲಡಿಯ ನಜರೆತ್ ದಿಬ್ಬ, ಮಾರಿಷಸ್, ರಿಯೂನಿಯನ್ ಈ ಎರಡನೆಯ ತುಂಡಿಗೆ ಸೇರಿದವು. ಚಾಗೋಸ್ ಅತ್ತ, ಮಾರಿಷಸ್ ಇತ್ತ ಆಗಿ ಇವತ್ತಿಗೂ ದೂರವಾಗುತ್ತಲೇ ಇವೆ.

ಮೂರು ಅಪವಾದಗಳನ್ನು ಇಲ್ಲೇ ಹೇಳಿಬಿಡಬೇಕು. ರೋಡ್ರಿಗ್ಸ್ ಮಾರಿಷಸ್‌ನಿಂದ ಪೂರ್ವಕ್ಕೆ 560 ಕಿ.ಮೀ. ಆಚೆ, ಸಾಲಿನ ದಾರಿಯ ಹೊರಗಿದೆ. ಅದರ ಮೇಲ್ಮೈ ಕಲ್ಲಿನ ವಯಸ್ಸು ಸುಮಾರು 15 ಲಕ್ಷ ವರ್ಷ ಮಾತ್ರ. ಹಾಟ್‌ಸ್ಪಾಟ್ ಕಡೆಯಿಂದ ನಡುಸಾಗರದ ಏಣಿನತ್ತ ಶಿಲಾರಸ ಹರಿದ ಅಡ್ಡದಾರಿ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಸೆಶೆಲ್ಸ್‌ನ ಒಳದ್ವೀಪಗಳು ನೋಡಲು ಇದೇ ಗುಂಪಿನವು ಎನಿಸಿದರೂ ಅವು ಗ್ರಾನೈಟ್: 75 ಕೋಟಿ ವರ್ಷ ಹಳೆಯ ಖಂಡದ ಚೂರು. ಇನ್ನು ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ದಖ್ಖನ್ ಲಾವಾ ಎಂದು ಬರೆಯುವುದು ಮಾಮೂಲಾಗಿದೆ. ಅವು 8.8 ಕೋಟಿ ವರ್ಷದವು, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಿತ್ತುಹೋದ ಕಾಲದವು. ರಿಯೂನಿಯನ್ ಹಾಟ್‌ಸ್ಪಾಟ್‌ಗೂ ಅವಕ್ಕೂ ಸಂಬಂಧವಿಲ್ಲ.

ಹುಟ್ಟಿ, ಬೆಳೆದು, ಮುಳುಗುವ ಕ್ರಮ

ರಿಯೂನಿಯನ್ ಕಡಲತಳದಿಂದ ಸುಮಾರು 7 ಕಿ.ಮೀ. ಎತ್ತರದ ಬೆಟ್ಟ. ಬುಡದ ಅಗಲ 220 ಕಿ.ಮೀ.ಗಿಂತ ಹೆಚ್ಚು. ನೀರಿನ ಮೇಲೆ ಕಾಣುವ 2,512 ಚದರ ಕಿ.ಮೀ. ನೆಲ ಅದರ ಒಟ್ಟು ಗಾತ್ರದಲ್ಲಿ ನೂರಕ್ಕೆ ಮೂರರಷ್ಟು. ಮೇಲಿನ ಅತಿ ಹಳೆಯ ಕಲ್ಲಿಗೆ 20 ಲಕ್ಷ ವರ್ಷ. ತೀರದಿಂದ ಒಳಕ್ಕೆ 25 ಕಿ.ಮೀ. ಹೋಗುವುದರೊಳಗೆ 3,070 ಮೀಟರ್ ಎತ್ತರದ ಪಿತೋಂ ದೆ ನೇಜ್ ಸಿಗುತ್ತದೆ.

ಮಾರಿಷಸ್‌ನ ಹಳೆಯ ಕಲ್ಲಿಗೆ 80ರಿಂದ 90 ಲಕ್ಷ ವರ್ಷ. ಒಮ್ಮೆ ಅದೂ ರಿಯೂನಿಯನ್‌ನಂತೆ ದೊಡ್ಡ ಗುಮ್ಮಟವೇ. ಈಗ ಅತಿ ಎತ್ತರದ ಶಿಖರ 828 ಮೀಟರ್. ಪೋರ್ಟ್ ಲೂಯಿಸ್ ಹಿಂದಿನ ಮೊನಚು ಬೆಟ್ಟಗಳು, ನೈಋತ್ಯದ ಬ್ಲ್ಯಾಕ್ ರಿವರ್ ಸಾಲು, ಪೂರ್ವದ ಬೆಟ್ಟಗಳು ಆ ಹಳೆಯ ಗುಮ್ಮಟದ ಸುತ್ತಂಚಿನ ಅವಶೇಷಗಳು. ನಡುವಿನ ಭಾಗ ಕುಸಿದು, ಆಮೇಲೆ ಹೊಸ ಲಾವಾ ಹರಿದು ಪ್ರಸ್ಥಭೂಮಿಯಾಯಿತು. ಕೊನೆಯ ಲಾವಾ ಹರಿದದ್ದು ಸುಮಾರು 25,000 ವರ್ಷಗಳ ಹಿಂದೆ.

ಲಾವಾ ನಿಂತ ದ್ವೀಪ ಎರಡು ಕಡೆಯಿಂದ ಸವೆಯುತ್ತದೆ. ಮೇಲಿನಿಂದ ಮಳೆ ಕೊರೆಯುತ್ತದೆ, ಕೆಳಗಡೆ ಫಲಕ ತಣ್ಣಗಾಗಿ ಭಾರವಾಗಿ ತಗ್ಗುತ್ತದೆ. ಬೆಚ್ಚನೆಯ ಕಡಲಲ್ಲಿ ಆ ಹೊತ್ತಿಗೆ ಸುತ್ತ ಹವಳ ಕಟ್ಟಲು ಶುರುಮಾಡಿರುತ್ತದೆ. ನೆಲ ತಗ್ಗಿದಂತೆ ಹವಳ ಮೇಲಕ್ಕೆ ಬೆಳೆಯುತ್ತದೆ. ರಿಯೂನಿಯನ್‌ನಲ್ಲಿ ಹವಳದ ದಿಬ್ಬ ಇರುವುದು ಪಶ್ಚಿಮ ಮತ್ತು ನೈಋತ್ಯ ತೀರದಲ್ಲಿ ಮಾತ್ರ, ತುಂಡುತುಂಡಾಗಿ, ಒಟ್ಟು 25 ಕಿ.ಮೀ. ಆಸುಪಾಸು. ಮಾರಿಷಸ್ಸನ್ನು ಅದು ಸುಮಾರು 150 ಕಿ.ಮೀ. ಉದ್ದಕ್ಕೆ ಸುತ್ತುವರಿದಿದೆ. ಮಾಲ್ಡೀವ್ಸ್‌ಗೆ ಬಂದರೆ ಬೆಟ್ಟವೇ ಇಲ್ಲ. ಅಲ್ಲಿ ಕೊರೆದರೆ ಎರಡು ಕಿ.ಮೀ.ಗೂ ಹೆಚ್ಚು ಸುಣ್ಣಕಲ್ಲು, ಅದರಡಿ ಬಸಾಲ್ಟ್. ಲಕ್ಷದ್ವೀಪವೂ ಇದೇ ಹಂತದಲ್ಲಿದೆ.

ಪ್ರವಾಸದ ಜಾಹೀರಾತುಗಳು ಹೇಳದ ಸಂಗತಿಯೊಂದು ಇಲ್ಲಿದೆ. ಮಾರಿಷಸ್‌ನ ಬಿಳಿ ಮರಳು ಹವಳದ ಪುಡಿ. ರಿಯೂನಿಯನ್‌ನ ಬಹುತೇಕ ತೀರ ಕರಿಗುಂಡುಕಲ್ಲು, ಕರಿಮರಳು, ನೇರ ಆಳಕ್ಕಿಳಿಯುವ ಕಡಲು. ತಡೆಗೋಡೆಯಂತಹ ಹವಳ ಇಲ್ಲದಿರುವುದರಿಂದ ದೊಡ್ಡ ಶಾರ್ಕ್‌ಗಳು ದಡದ ಹತ್ತಿರವೇ ಸುಳಿಯುತ್ತವೆ. 2011ರಿಂದ ಮೇಲಿಂದಮೇಲೆ ದಾಳಿಗಳಾದ ಮೇಲೆ 2013ರಲ್ಲಿ ಹವಳದ ಹಿನ್ನೀರು ಮತ್ತು ಕಾವಲಿರುವ ಜಾಗ ಬಿಟ್ಟು ಉಳಿದೆಡೆ ಈಜು, ಸರ್ಫಿಂಗ್ ನಿಷೇಧವಾಯಿತು.

ಫೂರ್ನೇಸ್ ಹೇಗೆ ಉಕ್ಕುತ್ತದೆ

2,632 ಮೀಟರ್ ಎತ್ತರದ ಈ ಜ್ವಾಲಾಮುಖಿಯ ಸ್ವಭಾವ ಹರಿಯುವುದು, ಸಿಡಿಯುವುದಲ್ಲ. ಸಿಲಿಕಾ ಕಡಿಮೆ ಇರುವ ಬಸಾಲ್ಟ್ ತೆಳ್ಳಗಿರುತ್ತದೆ, ಅನಿಲ ಸುಲಭವಾಗಿ ಬಿಟ್ಟುಹೋಗುತ್ತದೆ. ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನ ಲಾವಾ ಬಿರುಕಿನ ಉದ್ದಕ್ಕೂ ಚಿಮ್ಮಿ ಇಳಿಜಾರು ಹಿಡಿಯುತ್ತದೆ.

ಇಷ್ಟು ಸಲ ಉಕ್ಕಿದರೂ ಊರುಗಳು ಉಳಿದಿರುವುದಕ್ಕೆ ಕಾರಣ ಆಂಕ್ಲೋ ಫೂಕೆ ಎಂಬ ಕುಸಿತದ ಬೋಗುಣಿ. ಸುಮಾರು 5,000 ವರ್ಷಗಳ ಹಿಂದೆ ಬೆಟ್ಟದ ಮೇಲ್ಭಾಗ ಕುಸಿದು ಕುದುರೆಲಾಳದ ಆಕಾರದ ಗೋಡೆ ಉಳಿಯಿತು. ಕೆಲವೆಡೆ ಗೋಡೆಯ ಎತ್ತರ 100 ಮೀಟರ್, ಕೆಲವೆಡೆ 300. ತೆರೆದ ಬಾಯಿ ಕಡಲಿನತ್ತ. ದಾಖಲಾದ ಉಕ್ಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಗೋಡೆಯ ಒಳಗೆ. ಅಲ್ಲಿ ಯಾರೂ ವಾಸವಿಲ್ಲ. ಲಾವಾ ಗ್ರಾಂ ಬ್ರೂಲೆ ಎಂಬ ಇಳಿಜಾರಿನಲ್ಲಿ ಇಳಿದು ಒಮ್ಮೊಮ್ಮೆ ಕಡಲು ಸೇರುತ್ತದೆ.

ತಂಟೆಯಾಗುವುದು ಬಿರುಕು ಗೋಡೆಯ ಹೊರಗೆ ತೆರೆದಾಗ. 1977ರ ಏಪ್ರಿಲ್‌ನಲ್ಲಿ ಹೀಗಾಗಿ ಪಿತೋಂ ಸೇಂತ್ ರೋಸ್ ಊರಿನೊಳಗೆ ಲಾವಾ ನುಗ್ಗಿತು. ಜನರನ್ನು ಮೊದಲೇ ತೆರವು ಮಾಡಿದ್ದರಿಂದ ಜೀವ ಉಳಿಯಿತು, ಮನೆಗಳು ಹೋದವು. ಚರ್ಚಿನ ಬಾಗಿಲವರೆಗೆ ಬಂದ ಲಾವಾ ಹೊಸ್ತಿಲು ದಾಟಿ ನಿಂತಿತು. ಇವತ್ತು ಅದರ ಹೆಸರು ನೋತ್ರ್ ದಾಮ್ ದೆ ಲಾವ್. ಈ ಪ್ರಸಂಗದ ಫಲವಾಗಿ 1979ರಲ್ಲಿ ಬೂರ್ ಮ್ಯುರಾದಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಬಂತು. 1986ರಲ್ಲಿ ದಕ್ಷಿಣದ ಸೇಂ ಫಿಲಿಪ್ ಕಡೆ ಮತ್ತೆ ಗೋಡೆಯ ಹೊರಗೆ ಬಾಯಿ ತೆರೆಯಿತು.

ಮುನ್ಸೂಚನೆ ಹೀಗೆ ಬರುತ್ತದೆ. ಶಿಖರದಡಿ ಸಮುದ್ರಮಟ್ಟದ ಸುಮಾರಿಗೆ ಶಿಲಾರಸದ ಸಂಗ್ರಹವಿದೆ. ಅದು ತುಂಬಿದಂತೆ ಬೆಟ್ಟ ಕೆಲವು ಸೆಂಟಿಮೀಟರ್ ಉಬ್ಬುತ್ತದೆ, ಜಿಪಿಎಸ್ ಕಂಬಗಳು ಅದನ್ನು ಹಿಡಿಯುತ್ತವೆ. ಒತ್ತಡಕ್ಕೆ ಕಲ್ಲು ಸೀಳಿದಾಗ ಚಿಕ್ಕಚಿಕ್ಕ ಕಂಪನಗಳ ಸುರಿಮಳೆ. ಅಲ್ಲಿಂದ ಲಾವಾ ಹೊರಬರಲು ಸಾಮಾನ್ಯವಾಗಿ ಹತ್ತಾರು ನಿಮಿಷದಿಂದ ಕೆಲವು ಗಂಟೆ. ಕೂಡಲೇ ಆಂಕ್ಲೋದ ಕಾಲುದಾರಿ ಮುಚ್ಚಿ, ಒಳಗಿದ್ದವರನ್ನು ಹೊರಗೆ ತರುತ್ತಾರೆ. ಎಷ್ಟೋ ಸಲ ಶಿಲಾರಸ ಮೇಲೆ ಬರದೆ ಒಳಗೇ ನಿಂತುಬಿಡುತ್ತದೆ. ಎಚ್ಚರಿಕೆ ಸುಳ್ಳಾಯಿತೆಂದು ಗೊಣಗುವವರಿದ್ದಾರೆ, ಆದರೆ ಗಂಟೆಗಳ ಅಂತರದಲ್ಲಿ ಇದಕ್ಕಿಂತ ಖಚಿತವಾಗಿ ಹೇಳಲು ಬರುವುದಿಲ್ಲ.

2007ರ ಏಪ್ರಿಲ್‌ನ ಉಕ್ಕು ಈ ಕ್ರಮವನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಬಿರುಕು ತೆರೆದದ್ದು ತುಂಬ ಕೆಳಗೆ, ಸುಮಾರು 600 ಮೀಟರ್ ಎತ್ತರದಲ್ಲಿ. ಕೆಳಗೆ ತೂತಾದ ಕಾರಣ ಮೇಲಿನ ಸಂಗ್ರಹವೆಲ್ಲ ಬಸಿದುಹೋಯಿತು. 20 ಕೋಟಿ ಘನಮೀಟರಿಗೂ ಹೆಚ್ಚು ಲಾವಾ ಹರಿಯಿತು. ಆಸರೆ ತಪ್ಪಿದ ಶಿಖರದ ದೊಲೊಮ್ಯೂ ಕುಳಿಯ ತಳ ಕೆಲವೇ ದಿನಗಳಲ್ಲಿ 300 ಮೀಟರಿಗೂ ಹೆಚ್ಚು ಆಳಕ್ಕೆ ಕುಸಿಯಿತು. ಕರಾವಳಿಯ ಎರಡನೇ ರಾಷ್ಟ್ರೀಯ ಹೆದ್ದಾರಿ ಹತ್ತಾರು ಮೀಟರ್ ದಪ್ಪದ ಲಾವಾದಡಿ ಹೂತಿತು. ಅಷ್ಟು ದಪ್ಪದ ಲಾವಾ ಮೇಲೆ ಗಟ್ಟಿಯಾದರೂ ಒಳಗೆ ತಿಂಗಳುಗಟ್ಟಲೆ ಕೆಂಡವೇ. ಆತುರಪಟ್ಟು ಡಾಂಬರು ಹಾಕಿದರೆ ಮೆತ್ತಗಾಗಿ ಕುಸಿಯುತ್ತದೆ. ಮೊದಲು ತಾತ್ಕಾಲಿಕ ದಾರಿ ಕಡಿದು, ತಣಿದ ಮೇಲೆ ರಸ್ತೆ ಮಾಡುವುದೇ ಅಲ್ಲಿನ ಪದ್ಧತಿ.

ಹೊಸ ಲಾವಾದ ಮೇಲೆ ಮೊದಲು ಬರುವುದು ಬೂದುಬಣ್ಣದ ಕಲ್ಲುಹೂವು, ಆಮೇಲೆ ಜರೀಗಿಡ, ಆಮೇಲೆ ಪೊದೆ. ಮಳೆ ಜೋರಿರುವ ಪೂರ್ವ ಇಳಿಜಾರಿನಲ್ಲಿ ಇದು ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ರಸ್ತೆಯ ಪಕ್ಕದ ಫಲಕದಲ್ಲಿ ಬರೆದ ಇಸವಿ ಓದಿ ಹಸಿರು ಎಷ್ಟು ಹಬ್ಬಿದೆ ನೋಡಿದರೆ ಈ ಕ್ರಮ ತಾನಾಗಿ ತಿಳಿಯುತ್ತದೆ.

ಒಂದೇ ಕಲ್ಲು, ಎರಡು ಬಣ್ಣದ ಮಣ್ಣು

ನಮ್ಮಲ್ಲಿ ಬಸಾಲ್ಟ್ ಎಂದರೆ ಕಪ್ಪುಮಣ್ಣು. ಮಾರಿಷಸ್‌ನಲ್ಲಿ ಅದೇ ಬಸಾಲ್ಟ್ ಮೇಲೆ ಕೆಂಪುಮಣ್ಣು. ವ್ಯತ್ಯಾಸ ಇರುವುದು ಕಲ್ಲಿನಲ್ಲಲ್ಲ, ಮಳೆಯಲ್ಲಿ. ವಿಜಯಪುರದಂತಹ ಒಣ ಸೀಮೆಯಲ್ಲಿ ಕಲ್ಲು ಕೊಳೆತಾಗ ಬಿಡುಗಡೆಯಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗದೆ ಉಳಿದು, ಒದ್ದೆಯಾದರೆ ಉಬ್ಬುವ ಒಣಗಿದರೆ ಬಿರಿಯುವ ಜೇಡಿಯಾಗುತ್ತವೆ. ಮಳೆ ಧಾರಾಳವಾಗಿರುವಲ್ಲಿ ಅವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಯುತ್ತವೆ, ಮಣ್ಣು ಕೆಂಪಾಗುತ್ತದೆ. ಬೀದರ್ ಕೋಟೆ ಕಟ್ಟಿದ ಕೆಂಪು ಮುರಕಲ್ಲು ಹಿಂದೊಮ್ಮೆ ಅಲ್ಲೂ ಹೆಚ್ಚು ತೇವದ ಕಾಲವಿತ್ತೆಂಬುದಕ್ಕೆ ಸಾಕ್ಷಿ.

ಮಾರಿಷಸ್‌ನ ಕಬ್ಬಿನ ಗದ್ದೆಗಳ ನಡುವೆ ಕರಿಕಲ್ಲಿನ ದೊಡ್ಡ ರಾಶಿಗಳು ಕಾಣುತ್ತವೆ. ಇತ್ತೀಚಿನ ಲಾವಾ ಹರಿದ ಜಾಗದಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು. ಮೊದಲು ಗುಲಾಮರೂ ಆಮೇಲೆ ಕರಾರು ಕೂಲಿಗಳೂ ಕೈಯಿಂದ ಹೆಕ್ಕಿ ಪೇರಿಸಿದವು ಅವು. ಈಗ ಯಂತ್ರಗಳು ರಾಶಿ ಕರಗಿಸುತ್ತಿವೆ, ಏಕೆಂದರೆ ರಾಶಿಯಿದ್ದ ಗದ್ದೆಗೆ ಕಟಾವು ಯಂತ್ರ ಇಳಿಯುವುದಿಲ್ಲ.

ಮಳೆ ಒಂದು ಕಡೆ, ನೀರಡಿಕೆ ಇನ್ನೊಂದು ಕಡೆ

ಆಗ್ನೇಯದಿಂದ ವರ್ಷವಿಡೀ ಬೀಸುವ ವಾಣಿಜ್ಯ ಮಾರುತ ರಿಯೂನಿಯನ್‌ನ ಬೆಟ್ಟಕ್ಕೆ ಬಡಿದು ಪೂರ್ವದಲ್ಲೇ ಮಳೆ ಚೆಲ್ಲುತ್ತದೆ. ಪೂರ್ವದ ಎತ್ತರದಲ್ಲಿ ವರ್ಷಕ್ಕೆ 10 ಮೀಟರ್ ಮಳೆ ಬೀಳುವ ಜಾಗಗಳಿವೆ, ಪಶ್ಚಿಮ ತೀರದ ಮಳೆನೆರಳಿನಲ್ಲಿ ಒಂದು ಮೀಟರೂ ಇಲ್ಲ. ಚಂಡಮಾರುತ ಸೇರಿಕೊಂಡರೆ ಲೆಕ್ಕವೇ ಬೇರೆ. 1966ರ ಜನವರಿ 7 ಮತ್ತು 8ರ ನಡುವೆ ಫಾಕ್‌ಫಾಕ್‌ನಲ್ಲಿ 24 ಗಂಟೆಯಲ್ಲಿ 1,825 ಮಿ.ಮೀ. ಮಳೆಯಾಯಿತು. 1980ರ ಜನವರಿಯಲ್ಲಿ ಹಯಸಿಂತ್ ಚಂಡಮಾರುತ ಕೊಮರ್ಸೋಂ ಕುಳಿಯ ಮೇಲೆ 15 ದಿನದಲ್ಲಿ 6,083 ಮಿ.ಮೀ. ಸುರಿಸಿತು. ಎರಡೂ ವಿಶ್ವದಾಖಲೆ. ಎರಡನೆಯದು ಆಗುಂಬೆ ಒಂದು ವರ್ಷದಲ್ಲಿ ಕಾಣುವ ಮಳೆಯ ಮುಕ್ಕಾಲು ಪಾಲಿನಷ್ಟು.

ಇಷ್ಟು ಮಳೆ ಬಿದ್ದರೂ ಫೂರ್ನೇಸ್ ಇಳಿಜಾರಿನಲ್ಲಿ ಹೊಳೆಗಳು ವಿರಳ. ಎಳೆಯ ಲಾವಾದಲ್ಲಿ ಬಿರುಕು, ಗುಳ್ಳೆ, ಸುರಂಗಗಳು ತುಂಬಿರುವುದರಿಂದ ನೀರು ನೇರ ಇಂಗಿ ಕಡಲತೀರದ ಬುಗ್ಗೆಗಳಲ್ಲಿ ಏಳುತ್ತದೆ. ಹಳೆಯ ಪಿತೋಂ ದೆ ನೇಜ್ ಭಾಗದಲ್ಲಿ ರಂಧ್ರಗಳು ಖನಿಜ ತುಂಬಿ ಮುಚ್ಚಿವೆ, ಅಲ್ಲಿ ನದಿಗಳಿವೆ. ಬೀದರ್‌ನ ನೌಬಾದ್ ಕರೇಜ್ ಕೆಲಸ ಮಾಡುವುದೂ ಇದೇ ಗುಣದ ಮೇಲೆ: ಮೇಲಿನ ಮುರಕಲ್ಲು ನೀರು ಹೀರುತ್ತದೆ, ಅಡಿಯ ಬಸಾಲ್ಟ್ ತಡೆಯುತ್ತದೆ, ನಡುವೆ ಸುರಂಗ ತೋಡಿದರೆ ನೀರು.

ಜನ, ಕೃಷಿ, ಹೋಟೆಲು ಪಶ್ಚಿಮದಲ್ಲಿ, ನೀರು ಪೂರ್ವದಲ್ಲಿ. ಇದನ್ನು ಸರಿದೂಗಿಸಲು 1989ರಲ್ಲಿ ಶುರುವಾದ ಯೋಜನೆ ಸಲಾಜಿ ಮತ್ತು ಮಫಾತ್ ಕಣಿವೆಗಳ ನದಿನೀರನ್ನು ಬೆಟ್ಟದೊಳಗಿನ ಸುಮಾರು 30 ಕಿ.ಮೀ. ಸುರಂಗದ ಮೂಲಕ ಇಳಿಜಾರಿನಲ್ಲೇ ಪಶ್ಚಿಮಕ್ಕೆ ಒಯ್ಯುತ್ತದೆ. ಮುಗಿಯಲು ಕಾಲು ಶತಮಾನ ಹಿಡಿಯಿತು. ಸಲಾಜಿ ಕಡೆ ಕೊರೆಯುವಾಗ ಬಂಡೆಯೊಳಗೆ ಅಡಗಿದ್ದ ನೀರೇ ಸುರಂಗಕ್ಕೆ ನುಗ್ಗಿ ಕೆಲಸ ನಿಲ್ಲಿಸಿತ್ತು. ಜ್ವಾಲಾಮುಖಿ ಬೆಟ್ಟ ಒಂದೇ ಬಂಡೆಯಲ್ಲ. ಗಟ್ಟಿ ಲಾವಾ, ಸಡಿಲ ಬೂದಿ, ನಿಂತ ನೀರು ಪದರಪದರವಾಗಿರುತ್ತವೆ, ಹತ್ತು ಮೀಟರ್ ಮುಂದೆ ಏನಿದೆಯೆಂದು ಮೇಲಿನಿಂದ ಹೇಳಲಾಗುವುದಿಲ್ಲ.

ರಸ್ತೆಯಿಲ್ಲದ ಕಣಿವೆ

ಪಿತೋಂ ದೆ ನೇಜ್ ಸುತ್ತ ಸಲಾಜಿ, ಸಿಲಾವೋಸ್, ಮಫಾತ್ ಎಂಬ ಮೂರು ಭಾರಿ ಬಟ್ಟಲು ಕಣಿವೆಗಳಿವೆ. ಇವು ಜ್ವಾಲಾಮುಖಿಯ ಕುಳಿಗಳೆಂದು ಬಹಳ ಜನ ತಿಳಿದಿದ್ದಾರೆ, ಅಲ್ಲ. ಬೆಟ್ಟದ ಹೊರಚಿಪ್ಪು ಗಟ್ಟಿ ಲಾವಾ, ಒಳಗೆ ಬಿಸಿನೀರಿಗೆ ಕೊಳೆತ ಪುಡಿಗಲ್ಲು. ನದಿ ಚಿಪ್ಪನ್ನು ಒಮ್ಮೆ ಸೀಳಿತೆಂದರೆ ಒಳಗಿನದು ಕುಸಿದು ಕುಸಿದು ಬಾಯಿ ಕಿರಿದು, ಹೊಟ್ಟೆ ಹಿರಿದು ಆಗುತ್ತದೆ. ಆ ಕುಸಿತ ಇನ್ನೂ ನಿಂತಿಲ್ಲ. 1875ರ ನವೆಂಬರ್‌ನಲ್ಲಿ ಸಲಾಜಿಯ ಗ್ರಾಂ ಸಾಬ್ಲ್ ಹಳ್ಳಿಯ ಮೇಲೆ ಬೆಟ್ಟ ಜರಿದು 63 ಜನ ಸತ್ತರು.

ಈ ಕಣಿವೆಗಳಿಗೆ ಮೊದಲು ಹೊಕ್ಕವರು ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು. ಕಡಿದಾದ ಗೋಡೆ, ಒಂದೇ ಕಿರುದಾರಿ ಅವರಿಗೆ ರಕ್ಷಣೆ. ಮಫಾತ್ ಎಂಬುದು ಅಂಥ ಒಬ್ಬ ನಾಯಕನ ಹೆಸರು. ಆಮೇಲೆ ಬಂದವರು ಬಡ ಬಿಳಿಯರು. ಅದಕ್ಕೂ ನೆಲದ ಆಕಾರವೇ ಕಾರಣ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಜಮೀನು ಕೊಟ್ಟದ್ದು ಅಲೆ ಬಡಿಯುವ ದಡದಿಂದ ಬೆಟ್ಟದ ನೆತ್ತಿಯವರೆಗೆ, ಎರಡು ಕೊರಕಲುಗಳ ನಡುವಿನ ಉದ್ದನೆಯ ಪಟ್ಟಿಯಾಗಿ. ಪ್ರತಿ ಪಟ್ಟಿಗೂ ಕೆಳಗೆ ಬೆಚ್ಚನೆ ನೆಲ, ಮೇಲೆ ಕಾಡು ದಕ್ಕಲಿ ಎಂಬ ಲೆಕ್ಕ. ಮಕ್ಕಳು ಪಾಲು ಮಾಡಿಕೊಳ್ಳುವಾಗಲೂ ಉದ್ದಕ್ಕೇ ಸೀಳಿದರು. ಎರಡು ಮೂರು ತಲೆಮಾರಿನಲ್ಲಿ ಪಟ್ಟಿ ನೇಗಿಲು ತಿರುಗಿಸಲೂ ಆಗದಷ್ಟು ಸಣ್ಣದಾಯಿತು. ಮಾರಿಕೊಂಡವರು ಎತ್ತರಕ್ಕೆ ಹೋದರು. ಕರಾವಳಿಯಲ್ಲಿ ಕಬ್ಬಿನ ದೊಡ್ಡ ಹಿಡುವಳಿ ಉಳಿಯಿತು.

ಮಫಾತ್‌ಗೆ ಇಂದಿಗೂ ವಾಹನದ ರಸ್ತೆಯಿಲ್ಲ. ಲಾ ನೂವೆಲ್, ಮಾರ್ಲಾ, ಓರೇರ್, ರೋಶ್ ಪ್ಲಾತ್ ಮೊದಲಾದ ಹಾಡಿಗಳಲ್ಲಿ ಎಲ್ಲ ಸೇರಿ ಏಳೆಂಟು ನೂರು ಜನ. ಕೊಲ್ ದೆ ಬಫ್ ಕಣಿವೆದಾರಿಯಿಂದ ಲಾ ನೂವೆಲ್‌ಗೆ ಸುಮಾರು ಎರಡು ಗಂಟೆ ನಡಿಗೆ. ಗ್ಯಾಸ್ ಸಿಲಿಂಡರ್, ಸಿಮೆಂಟು, ಅಕ್ಕಿ, ಬಿಯರು ಬರುವುದು ಹೆಲಿಕಾಪ್ಟರಿನಲ್ಲಿ, ಕಸ ಹೋಗುವುದೂ ಅದರಲ್ಲೇ. ವಿದ್ಯುತ್ತು ಸೌರಫಲಕದ್ದು. ನೆಲ ಸರ್ಕಾರದ್ದಾದ್ದರಿಂದ ಮನೆ ಕಟ್ಟಿದವನಿಗೆ ಒಡೆತನವಿಲ್ಲ, ಅರಣ್ಯ ಇಲಾಖೆಯ ಗುತ್ತಿಗೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ರಾಷ್ಟ್ರೀಯ ಉದ್ಯಾನದ ನಡುವೆ ಇರುವುದರಿಂದ ಒಂದು ಕೋಣೆ ಹೆಚ್ಚಿಸಲೂ ಅನುಮತಿ ಬೇಕು. ಏಕಾಂತದ ಸ್ವರ್ಗ ಎಂದು ವರ್ಣಿಸುವವರು ಈ ಸಂಗತಿಗಳನ್ನು ಬಿಟ್ಟುಬಿಡುತ್ತಾರೆ.

ಸಲಾಜಿಯಲ್ಲಿ ಸೀಮೆಬದನೆ ಬಳ್ಳಿ ಬೇಲಿಯನ್ನೆಲ್ಲ ಹತ್ತಿರುತ್ತದೆ. ಒಣ ಸಿಲಾವೋಸ್‌ಗೆ ಬೇಳೆಯ ಹೆಸರಿದೆ, ಅಲ್ಲಿಗೆ ಹೋಗುವ ದಾರಿಯಲ್ಲಿ ನಾನೂರು ತಿರುವುಗಳೆಂದು ಲೆಕ್ಕ.

ಯಾರು, ಯಾವಾಗ ಬಂದರು

ಮೂರೂ ದ್ವೀಪಗಳಲ್ಲಿ ಮೂಲನಿವಾಸಿಗಳಿರಲಿಲ್ಲ. ಬಂದವರೆಲ್ಲ ಕಡಲ ಮೇಲೆ ಬಂದವರು. ಮಾರಿಷಸ್‌ನಲ್ಲಿ ಡಚ್ಚರು 1638ರಲ್ಲಿ ನೆಲೆಯೂರಿ 1710ರಲ್ಲಿ ಬಿಟ್ಟುಹೋದರು. ಡೋಡೋ ಹಕ್ಕಿ ಅವರ ಕಾಲದಲ್ಲೇ ಅಳಿಯಿತು. 1715ರಲ್ಲಿ ಫ್ರೆಂಚರು, 1810ರಲ್ಲಿ ಬ್ರಿಟಿಷರು, 1968ರ ಮಾರ್ಚ್ 12ರಂದು ಸ್ವಾತಂತ್ರ್ಯ. ರಿಯೂನಿಯನ್, 1810ರಿಂದ 1815ರವರೆಗೆ ಬ್ರಿಟಿಷರ ಕೈಯಲ್ಲಿದ್ದುದನ್ನು ಬಿಟ್ಟರೆ, 17ನೇ ಶತಮಾನದಿಂದ ಫ್ರೆಂಚರದೇ. 1848ರ ಡಿಸೆಂಬರ್ 20ರಂದು ಅಲ್ಲಿ ಸುಮಾರು 62,000 ಗುಲಾಮರ ಬಿಡುಗಡೆಯಾಯಿತು. 1946ರಿಂದ ಅದು ಫ್ರಾನ್ಸಿನ ಜಿಲ್ಲೆ, ಚಲಾವಣೆ ಯೂರೋ.

ಗುಲಾಮಗಿರಿ ಹೋದ ಮೇಲೆ ಕಬ್ಬಿನ ಗದ್ದೆಗೆ ಜನ ಬೇಕಾಯಿತು. 1834ರಿಂದ ಸುಮಾರು ಐದು ಲಕ್ಷ ಕರಾರು ಕೂಲಿಗಳು ಮಾರಿಷಸ್‌ಗೆ ಇಳಿದರು. ಪೋರ್ಟ್ ಲೂಯಿಸ್‌ನಲ್ಲಿ ಅವರನ್ನು ದಾಖಲಿಸಿಕೊಳ್ಳುತ್ತಿದ್ದ ಆಪ್ರವಾಸಿ ಘಾಟ್ 2006ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಹೆಚ್ಚಿನವರು ಬಿಹಾರದ ಭೋಜಪುರಿ ಸೀಮೆಯವರು, ಜೊತೆಗೆ ತಮಿಳರು, ತೆಲುಗರು, ಕೊಂಕಣದ ಮರಾಠಿಗರು. ರಿಯೂನಿಯನ್‌ಗೆ ಹೋದವರಲ್ಲಿ ತಮಿಳರೇ ಹೆಚ್ಚು. ಹೊರಟದ್ದು ಕೋರಮಂಡಲ ತೀರದಿಂದಾದರೂ ಅಲ್ಲಿ ಅವರನ್ನು ಕರೆಯುವುದು ಮಲ್ಬಾರ್ ಎಂದು. ಕೂಲಿಗಳನ್ನು ನಡೆಸಿಕೊಂಡ ರೀತಿಯ ದೂರುಗಳಿಂದ ಬ್ರಿಟಿಷ್ ಭಾರತ 1882ರಲ್ಲಿ ರಿಯೂನಿಯನ್‌ಗೆ ಕಳಿಸುವುದನ್ನು ನಿಲ್ಲಿಸಿತು. ಮುಂದಿನ ಪರಿಣಾಮ ಎರಡು ದ್ವೀಪಗಳಲ್ಲಿ ಎರಡು ತರಹ. ಮಾರಿಷಸ್‌ನಲ್ಲಿ ಭಾರತೀಯ ಮೂಲದವರೇ ಬಹುಸಂಖ್ಯಾತರಾಗಿ ಭಾಷೆ, ರಾಜಕೀಯ ಎರಡನ್ನೂ ಕಟ್ಟಿಕೊಂಡರು. ರಿಯೂನಿಯನ್‌ನಲ್ಲಿ ಫ್ರೆಂಚ್ ಹೆಸರು, ಫ್ರೆಂಚಿನಿಂದ ಹುಟ್ಟಿದ ಮಿಶ್ರಭಾಷೆಯಾದ ಕ್ರಿಯೋಲ್ ಮಾತು ಬಂದವು. ಮನೆಯಂಗಳದ ಗುಡಿ, ಕೆಂಡ ಹಾಯುವ ಹಬ್ಬ ಮಾತ್ರ ಬಿಡಲಿಲ್ಲ.

ಮಾರಿಷಸ್‌ನ ಗ್ರಾಂ ಬಸಾಂ ಜ್ವಾಲಾಮುಖಿಯ ಹಳೆಯ ಕುಳಿಯಲ್ಲಿ ನಿಂತ ಕೆರೆ. 1972ರಲ್ಲಿ ಗಂಗಾಜಲ ತಂದು ಸುರಿದ ಮೇಲೆ ಅದು ಗಂಗಾ ತಲಾವ್. ಶಿವರಾತ್ರಿಗೆ ದ್ವೀಪದ ಮೂಲೆಮೂಲೆಯಿಂದ ಕಾವಡಿ ಹೊತ್ತು ಲಕ್ಷಾಂತರ ಜನ ನಡೆದೇ ಬರುತ್ತಾರೆ.

ರೋಡ್ರಿಗ್ಸ್ ಪೂರ್ತಿ ಬೇರೆ ಲೋಕ. 108 ಚದರ ಕಿ.ಮೀ. ನೆಲ, ಅದರ ಎರಡರಷ್ಟು ಹಿನ್ನೀರು, ನಲವತ್ತು ಸಾವಿರ ಮೀರಿದ ಜನ. ಬಹುತೇಕರು ಆಫ್ರಿಕಾ ಮೂಲದ ಕ್ರಿಯೋಲರು. ಕಬ್ಬಿಗೆ ನೀರು ಸಾಲದೆ ದೊಡ್ಡ ತೋಟಗಳು ಬರಲಿಲ್ಲ, ತೋಟದ ಜೊತೆಗೆ ಬರುವ ಕೂಲಿಗಳೂ ಬರಲಿಲ್ಲ. ಇಳಿತದ ಹೊತ್ತಿಗೆ ಹೆಂಗಸರು ಕಬ್ಬಿಣದ ಸಲಾಕೆ ಹಿಡಿದು ಹವಳದ ಸಂದುಗಳಲ್ಲಿ ಆಕ್ಟೋಪಸ್ ಚುಚ್ಚುತ್ತಾರೆ. ಹಿಡಿತ ಕುಸಿದಾಗ 2012ರಿಂದ ಎರಡು ತಿಂಗಳ ನಿಷೇಧ ತಂದರು. ಆಕ್ಟೋಪಸ್ ಬೇಗ ತೂಕ ಹಾಕುವ, ಒಮ್ಮೆ ಮಾತ್ರ ಮೊಟ್ಟೆಯಿಡುವ ಜೀವಿಯಾದ್ದರಿಂದ ಇಷ್ಟು ಚಿಕ್ಕ ಬಿಡುವೂ ಫಲ ಕೊಡುತ್ತದೆ.

ಸಾಲಿನ ಆಚೆಯ ತುಂಡಿನಲ್ಲಿರುವ ಚಾಗೋಸ್‌ನವರ ಪಾಡು ಎಲ್ಲಕ್ಕಿಂತ ಕೆಟ್ಟದು. ಡಿಯಾಗೋ ಗಾರ್ಸಿಯಾದಲ್ಲಿ ಸೇನಾನೆಲೆ ಮಾಡಲು ಬ್ರಿಟನ್ 1968ರಿಂದ 1973ರ ನಡುವೆ ಅಲ್ಲಿನವರನ್ನೆಲ್ಲ ಎತ್ತಂಗಡಿ ಮಾಡಿ ಮಾರಿಷಸ್, ಸೆಶೆಲ್ಸ್ ಬಂದರುಗಳಲ್ಲಿ ಇಳಿಸಿತು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಮಾರಿಷಸ್ ಪರ ಸಲಹಾ ಅಭಿಪ್ರಾಯ ಕೊಟ್ಟಿತು, 2025ರ ಮೇ ತಿಂಗಳಲ್ಲಿ ಚಾಗೋಸನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದವು.

ಲಾವಾದ ಮೇಲಿನ ವೆನಿಲ್ಲಾ

ಮಲೆನಾಡು, ದಕ್ಷಿಣ ಕನ್ನಡದ ವೆನಿಲ್ಲಾ ಬೆಳೆಗಾರರು ಬೆಳಗಿನಲ್ಲಿ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೈಚಳಕ ಕಂಡುಹಿಡಿದದ್ದು ರಿಯೂನಿಯನ್‌ನ ಸೇಂತ್ ಸ್ಯೂಜಾನ್‌ನಲ್ಲಿ, 1841ರಲ್ಲಿ. ಕಂಡುಹಿಡಿದವನು ಎಡ್ಮೊಂದ್ ಆಲ್ಬಿಯುಸ್ ಎಂಬ 12 ವರ್ಷದ ಗುಲಾಮ ಹುಡುಗ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಗಂಡು ಹೆಣ್ಣು ಭಾಗಗಳ ನಡುವೆ ಒಂದು ಪರದೆ. ತೆಳುಕಡ್ಡಿಯಿಂದ ಪರದೆ ಎತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತಿದರೆ ಆಯಿತು, ಒಂಬತ್ತು ತಿಂಗಳಿಗೆ ಕಾಯಿ ಬಲಿಯುತ್ತದೆ. ಫೂರ್ನೇಸ್‌ನ ಹಳೆಯ ಲಾವಾದ ಮೇಲೆ ಬೆಳೆದ ಕಾಡಿನಡಿ ಇದನ್ನು ಬೆಳೆಯುತ್ತಾರೆ. ಬೇರು ಮೇಲೆಮೇಲೆ ಹರಡುವ ಬಳ್ಳಿಗೆ ಎಲೆಗೊಬ್ಬರ ಸಾಕು, ಲಾವಾದಲ್ಲಿ ನೀರು ನಿಲ್ಲದ್ದರಿಂದ ಬೇರುಕೊಳೆ ಕಡಿಮೆ.

ಹದ ಮಾಡುವುದು ಹೀಗೆ: 63ರಿಂದ 65 ಡಿಗ್ರಿ ನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿ ಸುತ್ತಿ ಪೆಟ್ಟಿಗೆಯಲ್ಲಿ ಒಂದು ದಿನ ಬೆವರಿಸಬೇಕು. ಕಾಯಿ ಕಂದಾಗುತ್ತದೆ. ಆಮೇಲೆ ವಾರಕ್ಕೂ ಮೇಲ್ಪಟ್ಟು ದಿನಕ್ಕೆ ಕೆಲವು ಗಂಟೆ ಬಿಸಿಲು, ಎರಡು ಮೂರು ತಿಂಗಳು ನೆರಳು, ಕೊನೆಗೆ ಮರದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ. ನೀರು ಹೆಚ್ಚು ಬಿಸಿಯಾದರೆ ಕಾಯಿ ಸೀಳಿ, ಪರಿಮಳ ಹುಟ್ಟಿಸುವ ಕಿಣ್ವ ಸಾಯುತ್ತದೆ. ಕಡಿಮೆಯಾದರೆ ಕೋಶ ಒಡೆಯದೆ ಬೂಸ್ಟು ಹಿಡಿಯುತ್ತದೆ. ಐದಾರು ಕಿಲೋ ಹಸಿಕಾಯಿಗೆ ಒಂದು ಕಿಲೋ ಸರಕು.

ಕಲ್ಲಿನ ದ್ವೀಪದಲ್ಲಿ ಕಲ್ಲಿಗೆ ಬರ

ರಾಜಧಾನಿ ಸೇಂ ದೆನಿಯಿಂದ ಪಶ್ಚಿಮಕ್ಕೆ ಹೋಗುವ ಹಳೆಯ ಕರಾವಳಿ ರಸ್ತೆ ಕಡಿದಾದ ಗೋಡೆಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡಿದೆ. ಜೋರು ಮಳೆ ಬಂದರೆ ಬಂಡೆ ಉರುಳುತ್ತದೆ, ಅಲೆ ಎದ್ದರೆ ರಸ್ತೆ ಮೇಲೆ ಬರುತ್ತದೆ. ಬದಲಿಗೆ ಕಡಲೊಳಗೆ ಕಟ್ಟಿದ 5.4 ಕಿ.ಮೀ. ಸೇತುವೆ 2022ರಲ್ಲಿ ಸಂಚಾರಕ್ಕೆ ತೆರೆಯಿತು. ಉಳಿದ ಭಾಗದಲ್ಲಿ ಕಡಲು ತುಂಬಿ ದಿಬ್ಬ ಕಟ್ಟುವ ಲೆಕ್ಕವಿತ್ತು, ಅದು ಸಿಕ್ಕಿಬಿತ್ತು. ಅಲೆಗೆ ಜಗ್ಗದ ದಿಬ್ಬಕ್ಕೆ ಬೇಕಾದದ್ದು ಟನ್ನುಗಟ್ಟಲೆ ತೂಗುವ ಇಡೀ ಬಂಡೆಗಳು, ಅದೂ ಲಕ್ಷಾಂತರ. ಎಳೆಯ ಲಾವಾ ತೆಳುಪದರ, ಗುಳ್ಳೆ, ಬಿರುಕುಗಳದು, ಅಂಥ ಬಂಡೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಒಳನಾಡಿನ ಬಹುಪಾಲು ಸಂರಕ್ಷಿತ ಉದ್ಯಾನ, ಸಿಗುವ ಕಡೆ ಊರುಗಳಿವೆ. ಪಶ್ಚಿಮದ ಬ್ವಾ ಬ್ಲಾಂನಲ್ಲಿ ಗಣಿ ತೆರೆಯುವ ಪ್ರಸ್ತಾಪ ಜನರ ವಿರೋಧದಿಂದ ಕೋರ್ಟು ಹತ್ತಿತು.

ಜ್ವಾಲಾಮುಖಿ ನೋಡಲು ಹೋಗುವವರಿಗೆ ಕೆಲವು ಮಾತು. ಭಾರತದ ಪಾಸ್‌ಪೋರ್ಟಿಗೆ ಮಾರಿಷಸ್ ಸಲೀಸು. ರಿಯೂನಿಯನ್ ಫ್ರಾನ್ಸಿನದಾದರೂ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಹೊರಗಿದೆ, ಯೂರೋಪಿನ ಯಾವುದೋ ವೀಸಾ ಇದ್ದರೆ ಇಲ್ಲಿ ಇಳಿಯಬಹುದೆಂದಿಲ್ಲ. 2,311 ಮೀಟರ್ ಎತ್ತರದ ಪಾ ದ ಬೆಲ್‌ಕೋಂಬ್‌ವರೆಗೆ ಕಾರು ಹೋಗುತ್ತದೆ. ಅಲ್ಲಿಂದ ಮೆಟ್ಟಿಲಿಳಿದು ಆಂಕ್ಲೋ ದಾಟಿ ದೊಲೊಮ್ಯೂ ಅಂಚಿಗೆ ಹೋಗಿಬರಲು ಐದಾರು ಗಂಟೆ. ಬೆಳಕು ಹರಿಯುವಾಗಲೇ ಹೊರಡಬೇಕು, ಬೆಳಿಗ್ಗೆ ಹತ್ತರೊಳಗೆ ಮೋಡ ಏರಿಬಿಡುವುದೇ ಹೆಚ್ಚು. ಲಾವಾದ ಮೇಲೆ ಕಾಲುದಾರಿ ಸವೆಯುವುದಿಲ್ಲ, ಬಿಳಿ ಬಣ್ಣದ ಗುರುತೇ ದಾರಿ. ಮಂಜು ಮುಸುಕಿ ಗುರುತು ಕಾಣದಾದರೆ ನಿಂತಲ್ಲೇ ನಿಲ್ಲಬೇಕು, ದಾರಿ ತಪ್ಪಿ ಅಪಾಯಕ್ಕೆ ಸಿಲುಕುವುದು ಹುಡುಕಲು ಹೊರಟವರೇ. ನೆರಳೂ ಇಲ್ಲ, ನೀರೂ ಇಲ್ಲ, ತಲೆಗೆ ಎರಡರಿಂದ ಮೂರು ಲೀಟರ್ ಹೊತ್ತೊಯ್ಯಬೇಕು. ಮುರುಕು ಲಾವಾ ಗಾಜಿನಂತೆ ಕೊಯ್ಯುವುದರಿಂದ ಚಪ್ಪಲಿ, ತೆಳು ಅಟ್ಟೆಯ ಬೂಟು ಕೆಲಸಕ್ಕೆ ಬಾರವು.